ಪ್ರಬೋಧನಾ ಪೀಠಕ್ಕೆ ಬಂದ ಲೋಕದ ಕಥೆಗಳು: ಕಥೋಲಿಕ ಪ್ರಬೋಧನೆಯಲ್ಲಿ ಜನಪ್ರಿಯ ಸಂಸ್ಕೃತಿ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ ಮತ್ತು ವ್ಯಾಪ್ತಿ

ಭಾನುವಾರದ ಬಲಿಪೂಜೆಯಲ್ಲಿ ಶುಭಸಂದೇಶದ ವಾಚನವಾದ ಮೇಲೆ ಗುರುಗಳು ಮಾಡುವ ಪ್ರಬೋಧನೆಯಲ್ಲಿ ಸಿನಿಮಾದ ದೃಶ್ಯವೋ ಕ್ರಿಕೆಟ್ ಪಂದ್ಯವೋ ಎಲ್ಲರೂ ಗುನುಗುವ ಹಾಡೋ ಬಂದುಹೋಗುವುದು ಇಂದು ಅಪರೂಪವಲ್ಲ. ಇದನ್ನು ಮೆಚ್ಚುವವರು ಕಾಲಕ್ಕೆ ತಕ್ಕ ಬದಲಾವಣೆ ಎನ್ನುತ್ತಾರೆ. ಒಪ್ಪದವರು ಪವಿತ್ರ ಸ್ಥಳಕ್ಕೆ ಬೀದಿಯ ಸದ್ದು ನುಗ್ಗಿದೆ ಎಂದು ನೊಂದುಕೊಳ್ಳುತ್ತಾರೆ. ಇದು ಈಚಿನ ಬೆಳವಣಿಗೆ ಎಂಬ ನಂಬಿಕೆಯಲ್ಲಿ ಮಾತ್ರ ಇಬ್ಬರೂ ಒಂದೇ. ದಾಖಲೆಗಳು ಹೇಳುವುದು ಬೇರೆ. ಕ್ರೈಸ್ತ ಪ್ರಬೋಧನೆ ಎಷ್ಟು ಹಳೆಯದೋ ಈ ಪದ್ಧತಿಯೂ ಅಷ್ಟೇ ಹಳೆಯದು. ಅದರ ಮೇಲಿನ ತಕರಾರು ಕೂಡ.

ಆದ್ದರಿಂದ ಲೋಕದ ಕಥೆ ಪ್ರಬೋಧನೆಯಲ್ಲಿ ಇರಬೇಕೇ ಬೇಡವೇ ಎಂಬುದು ಈ ಟಿಪ್ಪಣಿಯ ಪ್ರಶ್ನೆಯಲ್ಲ. ಬಂದ ಕಥೆ ಅಲ್ಲಿ ಯಾವ ಕೆಲಸ ಮಾಡುತ್ತದೆ ಎಂಬುದೇ ಪ್ರಶ್ನೆ. ಆ ಕೆಲಸ ಮೂರು ಬಗೆಯದು ಎಂದು ತೋರಿಸುವುದು ನನ್ನ ಉದ್ದೇಶ. ಒಂದು, ಎಚ್ಚರಿಕೆ: ಮನಸ್ಸು ಬೇರೆಲ್ಲೋ ಇರುವ ಜನರ ಗಮನ ಸೆಳೆಯಲಷ್ಟೇ ಕಥೆ. ಎರಡು, ದೃಷ್ಟಾಂತ: ಮೊದಲೇ ತೀರ್ಮಾನವಾದ ನೀತಿಯೊಂದನ್ನು ಮನಗಾಣಿಸಲು ಕಥೆ. ಮೂರು, ಸಂವಾದ: ಕಥೆಯೊಳಗೇ ಇರುವ ಪ್ರಶ್ನೆಯನ್ನು ಎತ್ತಿಕೊಂಡು, ಅದಕ್ಕೆ ಧರ್ಮಗ್ರಂಥದ ಬೆಳಕಿನಲ್ಲಿ ಉತ್ತರ ಹುಡುಕುವುದು. ಧರ್ಮಸಭೆಯೊಳಗಿನ ದೀರ್ಘ ತಕರಾರೆಲ್ಲ ಬಹುಮಟ್ಟಿಗೆ ಮೊದಲನೆಯದರ ವಿರುದ್ಧ. ಎರಡನೆಯದಕ್ಕೆ ಸಹನೆ ಇದೆ, ಕೆಲವೊಮ್ಮೆ ಪ್ರೋತ್ಸಾಹವೂ ಇದೆ. ಮೂರನೆಯದು ವಿರಳ, ನೆನಪಿನಲ್ಲಿ ಉಳಿದಿರುವುದು ಅದೇ.

ಇಲ್ಲಿ ಜನಪ್ರಿಯ ಸಂಸ್ಕೃತಿ ಎಂದರೆ ಜನ ಚರ್ಚಿಗೆ ಬರುವ ಮೊದಲೇ, ಚರ್ಚಿನ ನೆರವಿಲ್ಲದೆ ತಮ್ಮದಾಗಿಸಿಕೊಂಡಿರುವ ಕಥೆ, ಹಾಡು, ಚಿತ್ರ, ಆಟ, ಸುದ್ದಿ. ಈ ಅರ್ಥದಲ್ಲಿ 13ನೇ ಶತಮಾನದ ಆರ್ಥರ್ ರಾಜನ ಕಥೆಯೂ 20ನೇ ಶತಮಾನದ ಚಲನಚಿತ್ರವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

2. ಆಧಾರಗಳ ಸ್ವರೂಪ

ಪ್ರಬೋಧನೆ ಆಡಿದ ಮಾತು. ಅದರ ಇತಿಹಾಸ ನಮಗೆ ಸಿಗುವುದು ಮೂರು ದಾರಿಗಳಿಂದ, ಮೂರಕ್ಕೂ ಅವುಗಳದೇ ಮಿತಿ ಉಂಟು. ಮೊದಲನೆಯದು ಪ್ರಬೋಧಕರು ಇತರ ಪ್ರಬೋಧಕರಿಗಾಗಿ ಬರೆದಿಟ್ಟ ಮಾದರಿಗಳು ಮತ್ತು ಕಥಾಸಂಕಲನಗಳು. ಏನು ಹೇಳಬಹುದಿತ್ತು ಎಂಬುದನ್ನು ಇವು ತಿಳಿಸುತ್ತವೆ. ಒಂದು ನಿರ್ದಿಷ್ಟ ದಿನ ಏನು ಹೇಳಿದರು ಎಂಬುದನ್ನಲ್ಲ. ಎರಡನೆಯದು ನಿಷೇಧಗಳು, ಆಕ್ಷೇಪಗಳು. ಆಚರಣೆ ಬಲವಾಗಿದ್ದ ಕಡೆಯಲ್ಲೇ ನಿಷೇಧ ಹುಟ್ಟುವುದರಿಂದ ಇವು ಪರೋಕ್ಷ ಸಾಕ್ಷ್ಯ. ಮೂರನೆಯದು ಕೇಳಿದವರು ಬರೆದುಕೊಂಡ ದಾಖಲೆ. ಇದು ತೀರ ಕಡಿಮೆ, ಬೆಲೆ ಮಾತ್ರ ಹೆಚ್ಚು. ಮುಂದಿನ ಪುಟಗಳಲ್ಲಿ ಮೂರನ್ನೂ ಬಳಸಿದ್ದೇನೆ; ಯಾವುದು ಯಾವ ಬಗೆಯ ಆಧಾರ ಎಂಬುದನ್ನು ಮರೆಯದೆ ಓದಬೇಕೆಂದು ಓದುಗರಲ್ಲಿ ಕೋರಿಕೆ.

3. ಆರಂಭದ ಮಾದರಿಗಳು

ಯೇಸುವಿನ ಸಾಮತಿಗಳಲ್ಲಿ ಬಿತ್ತನೆ, ಬಲೆ, ಹಿಟ್ಟು, ಕುರಿ ಬರುವುದು ಎಲ್ಲರಿಗೂ ಗೊತ್ತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಎರಡು ಉದಾಹರಣೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮತ್ತಾಯನ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಯೇಸು ತನ್ನ ಪೀಳಿಗೆಯನ್ನು ಪೇಟೆಬೀದಿಯಲ್ಲಿ ಆಡುವ ಮಕ್ಕಳಿಗೆ ಹೋಲಿಸಿ, ಆ ಮಕ್ಕಳು ಒಬ್ಬರನ್ನೊಬ್ಬರು ಮೂದಲಿಸುವ ಆಟದ ಮಾತನ್ನೇ ಎತ್ತಿ ಹೇಳುತ್ತಾನೆ. ಮದುವೆಯ ಕೊಳಲಿಗೂ ಸಾವಿನ ಗೋಳಿಗೂ ಜೊತೆಗೂಡದ ಮಕ್ಕಳ ಆಟ ಅದು. ಲೂಕನ 13ನೇ ಅಧ್ಯಾಯದಲ್ಲಿ ಪಿಲಾತನು ಗಲಿಲೇಯದವರನ್ನು ಕೊಲ್ಲಿಸಿದ ಸುದ್ದಿಯನ್ನು ಜನ ತರುತ್ತಾರೆ; ಆಗ ಯೇಸು ಸಿಲೋವಾಮಿನ ಗೋಪುರ ಬಿದ್ದು 18 ಮಂದಿ ಸತ್ತ ಇನ್ನೊಂದು ಸುದ್ದಿಯನ್ನು ತಾನಾಗಿ ಸೇರಿಸುತ್ತಾನೆ. ಊರೆಲ್ಲ ಆಡಿಕೊಳ್ಳುತ್ತಿದ್ದ ದುರಂತಗಳಿವು. ಸತ್ತವರು ಹೆಚ್ಚು ಪಾಪಿಗಳೇ ಎಂಬ ಪ್ರಶ್ನೆ ಆ ಸುದ್ದಿಯೊಳಗೇ ಅಡಗಿತ್ತು. ಯೇಸು ಅದನ್ನು ಹೊರಗೆ ತಂದು, ಅಲ್ಲ ಎಂದು ಹೇಳಿ, ಕೇಳುವವರ ಕಡೆಗೆ ತಿರುಗಿಸುತ್ತಾನೆ. ಮೇಲೆ ಸಂವಾದ ಎಂದು ಕರೆದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಮೂಲಮಾದರಿ ಸಿಗದು.

ಸಂತ ಪೌಲ ಅಥೆನ್ಸಿನ ಅರೆಯೊಪಾಗದಲ್ಲಿ ಮಾಡಿದ ಭಾಷಣವೂ (ಪ್ರೇಷಿತರ ಕಾರ್ಯಕಲಾಪಗಳು, ಅಧ್ಯಾಯ 17) ಇದೇ ದಾರಿಯದು. ಅಲ್ಲಿ ಅವನು ಯೆಹೂದ್ಯರ ಪ್ರವಾದಿಗಳನ್ನು ಉಲ್ಲೇಖಿಸುವುದಿಲ್ಲ. ಕ್ರಿ.ಪೂ. 3ನೇ ಶತಮಾನದ ಕವಿ ಅರಾಟಸ್ ನಕ್ಷತ್ರಗಳ ಬಗ್ಗೆ ಬರೆದ, ಗ್ರೀಕರಲ್ಲಿ ಬಲು ಜನಪ್ರಿಯವಾಗಿದ್ದ ಕಾವ್ಯದ ತುಣುಕನ್ನು ಎತ್ತಿಕೊಳ್ಳುತ್ತಾನೆ. ಕವಿ ಅದನ್ನು ಹೇಳಿದ್ದು ಜ್ಯೂಸ್ ದೇವನ ಬಗ್ಗೆ. ಪೌಲ ಅದರ ದಿಕ್ಕು ಬದಲಿಸುತ್ತಾನೆ. ಕೇಳುವವರ ಆಸ್ತಿಯಾದ ಮಾತಿನಿಂದಲೇ ಕೇಳುವವರ ಜೊತೆ ವಾದ ಹೂಡುವ ಕ್ರಮ ಇದು.

ಇದಕ್ಕೆ ಎದುರಾದ ದನಿಯೂ ಬೇಗನೆ ಕೇಳಿಸುತ್ತದೆ. 399ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಂತ ಜಾನ್ ಕ್ರಿಸೊಸ್ತೋಮ್ ಕುದುರೆ ಓಟ ಮತ್ತು ರಂಗಭೂಮಿಯ ವಿರುದ್ಧ ಒಂದು ಪ್ರಸಿದ್ಧ ಪ್ರಬೋಧನೆ ಮಾಡಿದ. ಶುಕ್ರವಾರ ಓಟಕ್ಕೂ ಮರುದಿನ ನಾಟಕಕ್ಕೂ ಹೋದ ತನ್ನ ಜನರ ಮೇಲೆ ಅವನಿಗೆ ಉಂಟಾದ ನೋವು ಅದರಲ್ಲಿ ತುಂಬಿದೆ. ಆದರೆ ಇದೇ ಕ್ರಿಸೊಸ್ತೋಮ್‌ನ ಮಾತಿಗೆ ಜನ ಚರ್ಚಿನೊಳಗೇ ಚಪ್ಪಾಳೆ ತಟ್ಟುತ್ತಿದ್ದರು. ನಾಟಕಶಾಲೆಯ ಈ ಅಭ್ಯಾಸ ಇಲ್ಲಿ ಬೇಡ ಎಂದು ಅವನು ಬೇಡಿಕೊಂಡ ಪ್ರಬೋಧನೆಯೂ ಉಳಿದು ಬಂದಿದೆ. ರಂಗಭೂಮಿ ಅವನಿಗೆ ಹೊರಗಿನ ಶತ್ರು ಮಾತ್ರವಾಗಿರಲಿಲ್ಲ. ಜನ ಕೇಳುವ ಬಗೆಯನ್ನೇ ಅದು ರೂಪಿಸಿತ್ತು, ಹಾಗಾಗಿ ಪ್ರಬೋಧಕ ಯಾವ ಉಲ್ಲೇಖ ಮಾಡದಿದ್ದರೂ ಅದು ಚರ್ಚಿನೊಳಗೆ ಬಂದು ಕೂತಿತ್ತು. ಜನಪ್ರಿಯ ಸಂಸ್ಕೃತಿಯನ್ನು ಪ್ರಬೋಧನೆಯಿಂದ ಹೊರಗಿಡಬಹುದು ಎಂಬ ಆಶಯಕ್ಕೆ ಇರುವ ಮೊದಲ ಅಡ್ಡಿ ಇದೇ.

ರೋಮಿನಲ್ಲಿ ಪೋಪ್ ಮಹಾ ಗ್ರೆಗರಿ 590ರ ದಶಕದ ಆರಂಭದಲ್ಲಿ ಶುಭಸಂದೇಶಗಳ ಮೇಲೆ ಮಾಡಿದ 40 ಪ್ರಬೋಧನೆಗಳಲ್ಲಿ ಹಲವು ಒಂದು ಕಥೆಯೊಂದಿಗೆ ಮುಗಿಯುತ್ತವೆ. ವಾದಕ್ಕಿಂತ ಉದಾಹರಣೆ ಜನರ ಮನಸ್ಸನ್ನು ಹೆಚ್ಚು ಕಲಕುತ್ತದೆ ಎಂಬುದು ಅವನ ಅನುಭವ. ಪಶ್ಚಿಮದ ಕಥಾಪ್ರಧಾನ ಪ್ರಬೋಧನೆ ಬೆಳೆದದ್ದು ಈ ತಳಹದಿಯ ಮೇಲೆ.

4. ಹದಿಮೂರನೇ ಶತಮಾನ: ಪಂಚತಂತ್ರ ಪ್ರಬೋಧನೆಗೆ ಬಂದದ್ದು

1215ರ ನಾಲ್ಕನೇ ಲ್ಯಾಟರನ್ ಮಹಾಸಭೆ, ಧರ್ಮಾಧ್ಯಕ್ಷರು ತಮ್ಮ ಬದಲಿಗೆ ಬೋಧಿಸಬಲ್ಲ ಯೋಗ್ಯರನ್ನು ನೇಮಿಸಬೇಕೆಂದು ವಿಧಿಸಿತು. ಅದೇ ಹೊತ್ತಿಗೆ ಡೊಮಿನಿಕನ್ ಮತ್ತು ಫ್ರಾನ್ಸಿಸ್ಕನ್ ಸಭೆಗಳು ಹುಟ್ಟಿ, ಊರೂರು ಅಲೆದು ಬೋಧಿಸುವ ಗುರುಗಳ ಸಂಖ್ಯೆ ಏರಿತು. ಅವರಿಗೆ ಕಥೆಗಳು ಬೇಕಾದವು, ಕಥಾಕೋಶಗಳು ಸಿದ್ಧವಾದವು.

ಅಕ್ಕೋದ ಧರ್ಮಾಧ್ಯಕ್ಷನಾಗಿ, ಬಳಿಕ ಕಾರ್ಡಿನಲ್ ಆಗಿ 1240ರಲ್ಲಿ ತೀರಿಕೊಂಡ ಜಾಕ್ ದ ವಿತ್ರಿ ಈ ಕಾಲದ ಮುಖ್ಯ ಹೆಸರು. ವ್ಯಾಪಾರಿಗಳು, ರೈತರು, ನಾವಿಕರು, ವಿಧವೆಯರು, ಕೂಲಿಕಾರರು ಹೀಗೆ ಸಮಾಜದ ಒಂದೊಂದು ವರ್ಗಕ್ಕೂ ಬೇರೆಬೇರೆಯಾಗಿ ಅವನು ಬರೆದ ಮಾದರಿ ಪ್ರಬೋಧನೆಗಳಲ್ಲಿ ಕಥೆಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. 1890ರಲ್ಲಿ ಟಿ.ಎಫ್. ಕ್ರೇನ್ ಆ ಕಥೆಗಳನ್ನಷ್ಟೇ ಆಯ್ದು ಲಂಡನ್ನಿನ ಜಾನಪದ ಸಂಘಕ್ಕಾಗಿ ಪ್ರಕಟಿಸಿದರು. ಹಾಲಿನ ಮಡಕೆ ಹೊತ್ತು ಸಂತೆಗೆ ಹೊರಟವಳು ಹಾಲು ಮಾರಿ ಕೋಳಿ, ಹಂದಿ, ಕುದುರೆ ಎಂದು ಲೆಕ್ಕ ಹಾಕುತ್ತ ಮಡಕೆ ಒಡೆದುಕೊಳ್ಳುವ ಕಥೆ ಅದರಲ್ಲಿದೆ. ಹಿಟ್ಟಿನ ಮಡಕೆಯ ಕೆಳಗೆ ಮಲಗಿ ಸಂಸಾರದ ಕನಸು ಕಂಡ ಪಂಚತಂತ್ರದ ಬ್ರಾಹ್ಮಣನನ್ನು ಬಲ್ಲ ಕನ್ನಡ ಓದುಗರಿಗೆ ಇದು ಹೊಸದಲ್ಲ. ಹೊತ್ತು ತಂದ ಕುರಿಮರಿಯನ್ನು ನಾಯಿ ಎಂದು ಠಕ್ಕರು ಒಬ್ಬರಾದ ಮೇಲೊಬ್ಬರು ನಂಬಿಸುವ ಕಥೆಯೂ ಅಲ್ಲಿದೆ. ನಮ್ಮಲ್ಲಿ ಅದು ಮೇಕೆ ಹೊತ್ತ ಬ್ರಾಹ್ಮಣನ ಕಥೆ. ಪಂಚತಂತ್ರ ಪಹ್ಲವಿಗೆ, ಅಲ್ಲಿಂದ ಅರಬಿಯ ಕಲೀಲಾ ಮತ್ತು ದಿಮ್ನಾಕ್ಕೆ, ಮುಂದೆ ಹೀಬ್ರೂ ಲ್ಯಾಟಿನ್‌ಗಳಿಗೆ ಸಾಗಿದ ದಾರಿ ವಿದ್ವಾಂಸರಿಗೆ ಪರಿಚಿತ. ಕರ್ನಾಟಕದಲ್ಲಿ ದುರ್ಗಸಿಂಹ 11ನೇ ಶತಮಾನದಲ್ಲಿ ವಸುಭಾಗನ ಪರಂಪರೆಯನ್ನು ಹಿಡಿದು ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅದಾಗಿ ಸುಮಾರು 200 ವರ್ಷಗಳ ಮೇಲೆ ಅದೇ ಕಥಾಕುಲದ ಕವಲುಗಳು ಯೂರೋಪಿನ ಚರ್ಚುಗಳಲ್ಲಿ ಕೇಳಿಬಂದವು. ಯಾರ ಕಥೆ, ಯಾವ ಧರ್ಮದ್ದು ಎಂದು ಅಲ್ಲಿನ ರೈತ ಕೇಳಲಿಲ್ಲ. ಪ್ರಬೋಧಕನೂ ಕೇಳಲಿಲ್ಲ.

ಜಾಕ್ ತನ್ನ ಮುನ್ನುಡಿಯಲ್ಲಿ ಎರಡು ಎಚ್ಚರಿಕೆ ಕೊಟ್ಟಿದ್ದಾನೆ. ಉಪಯೋಗವಿಲ್ಲದ ಕಟ್ಟುಕಥೆಗಳನ್ನೂ ಕವಿಗಳ ಬೆಡಗಿನ ಪದ್ಯಗಳನ್ನೂ ದೂರವಿಡಬೇಕು ಎಂಬುದು ಒಂದು. ಕಥೆಯ ಸೊಗಸು ಹೇಳುವವನ ಹಾವಭಾವದಲ್ಲಿದೆ, ಬರೆದಾಗ ಅದು ಸೊರಗುತ್ತದೆ ಎಂಬುದು ಇನ್ನೊಂದು. ಎರಡನೆಯ ಮಾತು ಸಂಶೋಧಕನಿಗೂ ಎಚ್ಚರಿಕೆಯೇ. ಸಂಕಲನದಲ್ಲಿ ನಾವು ಓದುವುದು ಕಥೆಯ ಮೂಳೆಗಳನ್ನು ಮಾತ್ರ.

ಗಮನ ಸೆಳೆಯುವ ಮೊದಲ ಬಗೆಗೆ, ಅಂದರೆ ಎಚ್ಚರಿಕೆಯ ಬಳಕೆಗೆ, ಅತ್ಯಂತ ನೇರವಾದ ಸಾಕ್ಷ್ಯ ಜರ್ಮನಿಯ ಹೈಸ್ಟರ್‌ಬಾಖ್ ಮಠದ ಸೀಸೇರಿಯಸ್ 1220ರ ಸುಮಾರಿಗೆ ಬರೆದ ಅದ್ಭುತಗಳ ಸಂವಾದಗ್ರಂಥದಲ್ಲಿದೆ. ಮಠಾಧಿಪತಿ ಗೇವಾರ್ಡ್ ಹಬ್ಬದ ದಿನ ಸನ್ಯಾಸಿಗಳಿಗೆ ಬೋಧಿಸುತ್ತಿದ್ದಾಗ ಹಲವರು ತೂಕಡಿಸುತ್ತಿದ್ದರು, ಕೆಲವರು ಗೊರಕೆ ಹೊಡೆಯುತ್ತಿದ್ದರು. ಆತ ಮಾತು ನಿಲ್ಲಿಸಿ, ಆರ್ಥರ್ ಎಂಬ ರಾಜನ ಹೊಸ ಕಥೆಯೊಂದನ್ನು ಹೇಳುವೆನೆಂದ. ಎಲ್ಲರೂ ಎದ್ದು ಕೂತರು. ಅಷ್ಟಕ್ಕೇ ನಿಲ್ಲಿಸಿದ ಗೇವಾರ್ಡ್, ದೇವರ ಮಾತಿಗೆ ನಿದ್ದೆ, ಹಗುರವಾದ ಮಾತಿಗೆ ಎಚ್ಚರ ಎಂದು ಅವರನ್ನು ಗದರಿಸಿದ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಆರ್ಥರ್ ಕಥೆಗಳ ಜನಪ್ರಿಯತೆಗೆ ಸಾಕ್ಷಿಯಾಗಿ ಬಳಸುತ್ತಾರೆ. ಪ್ರಬೋಧನೆಯ ಇತಿಹಾಸಕ್ಕೆ ಅದರಲ್ಲಿ ಬೇರೆ ಪಾಠ ಇದೆ. ಗೇವಾರ್ಡ್ ಆರ್ಥರನ ಹೆಸರನ್ನು ಬಳಸಿದ, ಕಥೆಯನ್ನು ಹೇಳಲಿಲ್ಲ. ಹೆಸರಿಗೆ ಎಬ್ಬಿಸುವ ಶಕ್ತಿ ಇತ್ತು. ಎದ್ದವರನ್ನು ಆ ಕಥೆಯ ಮೂಲಕ ಎಲ್ಲಿಗೂ ಕರೆದೊಯ್ಯಲಿಲ್ಲ. ಸನ್ಯಾಸಿಗಳಿಗೆ ಆರ್ಥರನಲ್ಲಿ ಅಷ್ಟು ಆಸೆ ಏಕೆ ಹುಟ್ಟಿತು, ಅವರು ಅಲ್ಲಿ ಏನನ್ನು ಹುಡುಕುತ್ತಿದ್ದರು ಎಂಬ ಪ್ರಶ್ನೆ ಆ ಸಭೆಯ ಮುಂದೆ ತಾನಾಗಿ ಬಂದು ನಿಂತಿತ್ತು. ಅದನ್ನು ಕೈಗೆತ್ತಿಕೊಳ್ಳದೆ ಬೈಗುಳಕ್ಕೆ ಬಳಸಿಕೊಂಡದ್ದು ಕಳೆದುಕೊಂಡ ಅವಕಾಶ ಎಂದು ನನಗೆ ತೋರುತ್ತದೆ. ಎಚ್ಚರಿಕೆಗಾಗಿ ಬಂದ ಉಲ್ಲೇಖದ ದೌರ್ಬಲ್ಯವೇ ಇದು: ಜನರ ಆಸಕ್ತಿಯನ್ನು ಮುಟ್ಟುತ್ತದೆ, ಆ ಆಸಕ್ತಿಯನ್ನು ಗೌರವಿಸುವುದಿಲ್ಲ.

ಕಥೆಗೆ ಅದರದೇ ಜೀವ ಇದೆ ಎಂಬುದನ್ನು ಅದೇ ಶತಮಾನದ ಇನ್ನೊಂದು ದಾಖಲೆ ತೋರಿಸುತ್ತದೆ. ಡೊಮಿನಿಕನ್ ಗುರು ಎಟಿಯೆನ್ ದ ಬೂರ್ಬೊಂ (ನಿಧನ ಸುಮಾರು 1261) ಪವಿತ್ರಾತ್ಮನ ಏಳು ವರಗಳ ಚೌಕಟ್ಟಿನಲ್ಲಿ ಸುಮಾರು 3,000 ಕಥೆಗಳ ಕೋಶವನ್ನು ಕಟ್ಟಲು ಹೊರಟವನು, ಅದು ಪೂರ್ಣವಾಗಲಿಲ್ಲ. ಲಿಯೋನ್ ಬಳಿಯ ದೋಂಬ್ ಪ್ರದೇಶದಲ್ಲಿ ಬೋಧಿಸಿ ಪಾಪನಿವೇದನೆ ಕೇಳುತ್ತಿದ್ದಾಗ, ಹಲವು ಹೆಂಗಸರು ತಮ್ಮ ರೋಗಿ ಮಕ್ಕಳನ್ನು ಸಂತ ಗಿನೆಫೋರ್ ಎಂಬವನ ಸ್ಥಳಕ್ಕೆ ಒಯ್ದದ್ದಾಗಿ ಹೇಳಿದರು. ವಿಚಾರಿಸಿದಾಗ ಆ ಸಂತ ಒಂದು ಬೇಟೆನಾಯಿ ಎಂದು ತಿಳಿಯಿತು. ತೊಟ್ಟಿಲ ಮಗುವನ್ನು ಹಾವಿನಿಂದ ಉಳಿಸಿದ ನಾಯಿ. ರಕ್ತ ಮೆತ್ತಿದ ಬಾಯಿ ಕಂಡು ಮಗುವನ್ನೇ ಕೊಂದಿತೆಂದು ಒಡೆಯ ಅದನ್ನು ಕೊಂದ. ಸತ್ಯ ತಿಳಿದ ಮೇಲೆ ಬಾವಿಗೆ ಹಾಕಿ ಕಲ್ಲು ಪೇರಿಸಿ ಮರ ನೆಟ್ಟರು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಮುಂಗುಸಿಯ ಕಥೆಯೇ ಇದು. ಎಟಿಯೆನ್ ನಾಯಿಯ ಮೂಳೆಗಳನ್ನು ಅಗೆಸಿ, ತೋಪನ್ನು ಸುಡಿಸಿದ. ಆಮೇಲೆ ಆ ಇಡೀ ಘಟನೆಯನ್ನು ಮೂಢನಂಬಿಕೆಯ ವಿರುದ್ಧದ ಕಥೆಯಾಗಿ ತನ್ನ ಕೋಶಕ್ಕೆ ಸೇರಿಸಿದ. ಆದರೆ ಆರಾಧನೆ ಅಲ್ಲಿಗೆ ನಿಲ್ಲಲಿಲ್ಲ. ಶತಮಾನಗಳ ಕಾಲ ಮುಂದುವರಿದದ್ದನ್ನು ಫ್ರೆಂಚ್ ಇತಿಹಾಸಕಾರ ಜಾಂ-ಕ್ಲೋದ್ ಶ್ಮಿತ್ 1979ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

ಒಂದೇ ಕಥೆ ದುಡುಕಬೇಡ ಎಂಬ ನೀತಿಗೆ ದೃಷ್ಟಾಂತವಾಗಿ ಪುಸ್ತಕಗಳಲ್ಲಿ ಸುತ್ತುತ್ತಿತ್ತು, ತಾಯಂದಿರ ನಡುವೆ ಹರಕೆಯ ಸ್ಥಳವಾಗಿ ಬದುಕಿತ್ತು. ತಾಯಂದಿರು ಅದರಲ್ಲಿ ಕಂಡದ್ದು ನೀತಿಯನ್ನಲ್ಲ. ಕೂಸಿನ ಸಾವಿನ ಭಯವನ್ನೂ, ನಿರಪರಾಧಿಯಾಗಿ ಸತ್ತ ರಕ್ಷಕನೊಬ್ಬನನ್ನೂ ಅವರು ಅಲ್ಲಿ ಕಂಡರು. ನಿರಪರಾಧಿಯ ಸಾವು ಕ್ರೈಸ್ತ ಸಂದೇಶದ ಕೇಂದ್ರದಲ್ಲೇ ಇರುವಾಗ, ಆ ಭಯಕ್ಕೆ ಉತ್ತರ ಕೊಡಬಲ್ಲ ಪ್ರಬೋಧನೆಯೊಂದು ಸಾಧ್ಯವಿತ್ತು. ಬೆಂಕಿ ಹಚ್ಚಿದ್ದರಿಂದ ಭಯ ಹೋಗಲಿಲ್ಲ, ಕಥೆಯೂ ಹೋಗಲಿಲ್ಲ.

5. ಸಿಯೆನಾ, 1427: ಕೇಳಿದವನ ದಾಖಲೆ

1427ರ ಆಗಸ್ಟ್ 15ರಿಂದ ಫ್ರಾನ್ಸಿಸ್ಕನ್ ಗುರು ಬರ್ನರ್ಡಿನೊ ಸಿಯೆನಾದ ದೊಡ್ಡ ಮೈದಾನದಲ್ಲಿ ಸರಣಿ ಪ್ರಬೋಧನೆ ಮಾಡಿದ. ಬಟ್ಟೆಯ ಕಸುಬಿನ ಬೆನೆದೆತ್ತೊ ಎಂಬಾತ ಮೇಣದ ಹಲಗೆಯ ಮೇಲೆ ಗುರುತು ಹಾಕಿಕೊಳ್ಳುತ್ತ, ಆಮೇಲೆ ಮಾತುಮಾತಾಗಿ ಬರೆದಿಟ್ಟ. ಅದರಿಂದ 45 ಪ್ರಬೋಧನೆಗಳು ನಮಗೆ ಆಡಿದ ರೂಪಕ್ಕೆ ಬಹಳ ಹತ್ತಿರವಾಗಿ ಸಿಕ್ಕಿವೆ. ನಡುವೆ ನಿದ್ದೆ ಮಾಡುವವರನ್ನು ಎಬ್ಬಿಸುವುದು, ಹೆಂಗಸರನ್ನು ನೇರವಾಗಿ ಮಾತಾಡಿಸುವುದು, ಪ್ರಾಣಿಗಳ ಕಥೆ ಹೇಳುವುದು ಎಲ್ಲ ಅಲ್ಲಿದೆ.

ಬರ್ನರ್ಡಿನೊ ತನ್ನ ಊರಿನವರು ದಿನವೂ ನೋಡುವ ಚಿತ್ರಗಳನ್ನು ಬಳಸಿದ ಬಗೆ ಗಮನಾರ್ಹ. ನಗರಭವನದ ಗೋಡೆಯ ಮೇಲೆ ಅಂಬ್ರೋಜೊ ಲೊರೆಂಜೆತ್ತಿ ಬರೆದಿದ್ದ ಶಾಂತಿ ಮತ್ತು ಯುದ್ಧದ ಚಿತ್ರಗಳನ್ನು ನೆನಪಿಸಿ, ಶಾಂತಿಯಲ್ಲಿ ಏನೇನು ನಡೆಯುತ್ತದೆ, ಯುದ್ಧದಲ್ಲಿ ಏನೇನು ನಿಂತುಹೋಗುತ್ತದೆ ಎಂದು ವಿವರಿಸಿದ. ಪ್ರಧಾನ ದೇವಾಲಯದಲ್ಲಿದ್ದ ಸಿಮೊನೆ ಮಾರ್ತೀನಿಯ ಮಂಗಳವಾರ್ತೆಯ ಚಿತ್ರದಲ್ಲಿ ಮರಿಯ ದೇವದೂತನ ಮುಂದೆ ಹೇಗೆ ಹಿಂಜರಿಯುತ್ತಾಳೆ ನೋಡಿ ಎಂದು ಹುಡುಗಿಯರಿಗೆ ಹೇಳಿದ. ಇಲ್ಲಿ ಕಥೆಯನ್ನು ಮೊದಲಿನಿಂದ ಹೇಳುವ ಅಗತ್ಯವಿರಲಿಲ್ಲ. ಚಿತ್ರ ಜನರ ಕಣ್ಣಲ್ಲಿ ಮೊದಲೇ ಇತ್ತು. ಸಿಯೆನಾ ಆಗ ಪಂಗಡಗಳ ಜಗಳದಲ್ಲಿ ನರಳುತ್ತಿದ್ದ ಊರು. ಆ ಗೋಡೆಚಿತ್ರ ತನ್ನನ್ನು ನೋಡುವ ಆಡಳಿತಗಾರರಿಗೆ ಹಾಕಿದ ಪ್ರಶ್ನೆಯನ್ನೇ ಪ್ರಬೋಧಕ ಮೈದಾನಕ್ಕೆ ತಂದು ಇಡೀ ಊರಿಗೆ ಕೇಳಿದ. ದೃಷ್ಟಾಂತ ಸಂವಾದವಾಗಿ ಮಾರ್ಪಡುವ ಜಾಗ ಇದು.

6. ತಕರಾರು ಮತ್ತು ಕಟ್ಟಳೆ

ದಾಂತೆ ತನ್ನ ಮಹಾಕಾವ್ಯದ ಸ್ವರ್ಗಕಾಂಡದ 29ನೇ ಸರ್ಗದಲ್ಲಿ ಬೆಯಾತ್ರಿಚೆಯ ಬಾಯಿಂದ ನಗೆಚಾಟಿಕೆಯ ಪ್ರಬೋಧಕರನ್ನು ಕಟುವಾಗಿ ಖಂಡಿಸುತ್ತಾನೆ. ಜನ ನಕ್ಕರೆ ಸಾಕೆಂದು ಉಬ್ಬುವ ಬೋಧಕ, ಗಾಳಿ ತಿಂದು ಹಿಂದಿರುಗುವ ಕುರಿಗಳು ಎಂಬುದು ಅವನ ದೂರಿನ ಸಾರ. 1516ರಲ್ಲಿ ಐದನೇ ಲ್ಯಾಟರನ್ ಮಹಾಸಭೆ ಕಟ್ಟಿದ ಪವಾಡ ಮತ್ತು ಭವಿಷ್ಯವಾಣಿಗಳನ್ನು ಬೋಧನೆಯಲ್ಲಿ ಹೇಳದಂತೆ ವಿಧಿಸಿತು. 1546ರಲ್ಲಿ ತ್ರೆಂತ್ ಮಹಾಸಭೆ ಭಾನುವಾರ ಮತ್ತು ಹಬ್ಬಗಳಂದು ಜನರಿಗೆ ಸುಲಭವಾಗಿ, ಚಿಕ್ಕದಾಗಿ ಬೋಧಿಸುವ ಹೊಣೆಯನ್ನು ಧರ್ಮಕೇಂದ್ರದ ಗುರುಗಳ ಮೇಲೆ ಹೊರಿಸಿತು.

20ನೇ ಶತಮಾನದಲ್ಲಿ ಸಿನಿಮಾ ಚರ್ಚಿನೊಳಗೆ ಮೊದಲು ದೊಡ್ಡದಾಗಿ ಕಾಲಿಟ್ಟದ್ದು ನಿಷೇಧದ ರೂಪದಲ್ಲಿ. 1934ರಲ್ಲಿ ಅಮೆರಿಕದ ಕಥೋಲಿಕರು ಸಭ್ಯತೆಯ ದಳವನ್ನು ಕಟ್ಟಿ, ಅಸಭ್ಯ ಚಿತ್ರಗಳನ್ನು ನೋಡುವುದಿಲ್ಲವೆಂಬ ಪ್ರತಿಜ್ಞೆಯನ್ನು ದೇವಾಲಯಗಳಲ್ಲಿ ಸಾಮೂಹಿಕವಾಗಿ ಸ್ವೀಕರಿಸಿದರು. 1936ರ ತಮ್ಮ ವಿಶ್ವಪತ್ರದಲ್ಲಿ ಪೋಪ್ 11ನೇ ಪಯಸ್ ಆ ಚಳವಳಿಯನ್ನು ಹೊಗಳಿ, ಬೇರೆ ದೇಶಗಳಿಗೂ ಅದನ್ನು ಮಾದರಿಯಾಗಿ ತೋರಿಸಿದರು. ಆದರೆ ಅದೇ ಪತ್ರ ಒಳ್ಳೆಯ ಚಿತ್ರದ ಶಕ್ತಿಯನ್ನೂ ಒಪ್ಪುತ್ತದೆ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಎರಡು ದಾಖಲೆಗಳನ್ನು ಒಟ್ಟಿಗೆ ಹೊರಡಿಸಿತು. ಒಂದು ಪ್ರಬೋಧನೆಯನ್ನು ಆರಾಧನಾವಿಧಿಯ ಅವಿಭಾಜ್ಯ ಅಂಗವೆಂದು ಸಾರಿದ ಸಂವಿಧಾನ. ಇನ್ನೊಂದು ಸಿನಿಮಾ, ಬಾನುಲಿ, ದೂರದರ್ಶನಗಳ ಬಗೆಗಿನ ಆದೇಶಪತ್ರ. ಇವೆರಡೂ ಒಂದೇ ದಿನ ಬಂದದ್ದು ಕಾಕತಾಳೀಯವೇ ಇರಬಹುದು. ಮುಂದಿನ ಅರ್ಧ ಶತಮಾನದ ಪ್ರಬೋಧಕರು ಎದುರಿಸಿದ ಪ್ರಶ್ನೆಯೆಲ್ಲ ಇವೆರಡರ ನಡುವಿನದು. ಸಿನಿಮಾ ಹುಟ್ಟಿ 100 ವರ್ಷವಾದ 1995ರಲ್ಲಿ ವ್ಯಾಟಿಕನ್ 45 ಚಿತ್ರಗಳ ಪಟ್ಟಿಯನ್ನೇ ಪ್ರಕಟಿಸಿತು. ಅಟೆನ್‌ಬರೊ ಅವರ ಗಾಂಧಿ ಅದರಲ್ಲಿ ಇದೆ.

ಈಚಿನ ದಾಖಲೆಗಳಲ್ಲಿ ಗಡಿ ಇನ್ನೂ ಸ್ಪಷ್ಟ. ಪೋಪ್ 16ನೇ ಬೆನೆಡಿಕ್ಟ್ 2010ರಲ್ಲಿ, ಶುಭಸಂದೇಶಕ್ಕಿಂತ ಪ್ರಬೋಧಕನ ಕಡೆಗೆ ಗಮನ ಸೆಳೆಯುವ ಅನಗತ್ಯ ಅಡ್ಡಮಾತುಗಳು ಬೇಡವೆಂದರು. ಪೋಪ್ ಫ್ರಾನ್ಸಿಸ್ 2013ರ ತಮ್ಮ ಪ್ರೇಷಿತ ಉಪದೇಶದಲ್ಲಿ ಪ್ರಬೋಧನೆಗಾಗಿಯೇ 25 ಪರಿಚ್ಛೇದಗಳನ್ನು ಮೀಸಲಿಟ್ಟರು. ಪ್ರಬೋಧನೆ ಮಾಧ್ಯಮಗಳ ಮನರಂಜನೆಯಂತಾಗಬಾರದು ಎನ್ನುವ ಅದೇ ಗ್ರಂಥ, ಒಂದು ಒಳ್ಳೆಯ ಚಿತ್ರಣ ಸಂದೇಶವನ್ನು ಜನರ ಬದುಕಿಗೆ ಹತ್ತಿರ ತರುತ್ತದೆ, ಪ್ರಬೋಧಕ ದೇವರ ವಾಕ್ಯದಂತೆ ಜನರ ಮಾತಿಗೂ ಕಿವಿಗೊಡಬೇಕು ಎನ್ನುತ್ತದೆ. 2024ರ ಜೂನ್ 12ರಂದು ಅವರು ಪ್ರಬೋಧನೆ ಎಂಟು ನಿಮಿಷ ಮೀರಬಾರದು ಎಂದರು. ಈ ಕಾಲಮಿತಿ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಮೂರು ಗಂಟೆಯ ಸಿನಿಮಾದ ಕಥೆಯನ್ನು ಮೊದಲಿನಿಂದ ಹೇಳಲು ಎಂಟು ನಿಮಿಷದಲ್ಲಿ ಎಡೆಯಿಲ್ಲ. ಜನರಿಗೆ ಮೊದಲೇ ಗೊತ್ತಿರುವ ಕಥೆಗೆ ಮಾತ್ರ ಅಲ್ಲಿ ಜಾಗ.

7. ಬೊಲೋನ್ಯಾ, 1997

ಸಂವಾದದ ಬಳಕೆಗೆ ಆಧುನಿಕ ಕಾಲದ ಅತ್ಯುತ್ತಮ ಉದಾಹರಣೆ 1997ರ ಸೆಪ್ಟೆಂಬರ್ 27ರಂದು ಇಟಲಿಯ ಬೊಲೋನ್ಯಾದಲ್ಲಿ ನಡೆಯಿತು. ರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನದ ಸಂಜೆ ಯುವಜನರ ಮುಂದೆ ಬಾಬ್ ಡಿಲನ್ ಹಾಡಿದರು. ಬಳಿಕ ಪೋಪ್ ಎರಡನೇ ಜಾನ್ ಪಾಲ್ ಮಾತಾಡಿದರು. ಅದು ಬಲಿಪೂಜೆಯ ಪ್ರಬೋಧನೆಯಲ್ಲ, ಯುವಜನರಿಗೆ ಮಾಡಿದ ಭಾಷಣ. ಕ್ರಮ ಮಾತ್ರ ಪ್ರಬೋಧನೆಯದೇ. ಉತ್ತರ ಗಾಳಿಯಲ್ಲಿದೆ ಎನ್ನುವ ಡಿಲನ್ನರ ಹೆಸರಾಂತ ಹಾಡನ್ನು ಪೋಪ್ ಎತ್ತಿಕೊಂಡರು. ಅದು ನಿಜ ಎಂದು ಮೊದಲು ಒಪ್ಪಿದರು. ಆದರೆ ಎಲ್ಲವನ್ನೂ ಹಾರಿಸಿಕೊಂಡು ಹೋಗುವ ಗಾಳಿಯಲ್ಲಲ್ಲ, ಪವಿತ್ರಾತ್ಮನ ಉಸಿರಾದ ಗಾಳಿಯಲ್ಲಿ ಎಂದರು. ಮನುಷ್ಯ ಎಷ್ಟು ದಾರಿ ನಡೆಯಬೇಕು ಎಂಬ ಹಾಡಿನ ಪ್ರಶ್ನೆಗೆ, ದಾರಿ ಒಂದೇ, ಅದು ಕ್ರಿಸ್ತ ಎಂಬರ್ಥದ ಉತ್ತರ ಕೊಟ್ಟರು.

ಇಲ್ಲಿ ಮೂರು ಹೆಜ್ಜೆಗಳಿವೆ: ಹಾಡಿನ ಪ್ರಶ್ನೆಯನ್ನು ಪ್ರಾಮಾಣಿಕ ಪ್ರಶ್ನೆಯೆಂದು ಸ್ವೀಕರಿಸುವುದು, ಹಾಡಿನ ಉತ್ತರದಲ್ಲಿ ನಿಜವಾದದ್ದನ್ನು ಒಪ್ಪುವುದು, ಅಲ್ಲಿಂದ ಮುಂದಕ್ಕೆ ನಡೆಸುವುದು. ಅರೆಯೊಪಾಗದಲ್ಲಿ ಪೌಲ ಇಟ್ಟ ಹೆಜ್ಜೆಗಳೂ ಇವೇ. ಎಲ್ಲರೂ ಇದನ್ನು ಮೆಚ್ಚಲಿಲ್ಲ. ಆಗ ಕಾರ್ಡಿನಲ್ ಆಗಿದ್ದ ಜೋಸೆಫ್ ರಾಟ್ಜಿಂಗರ್, ಮುಂದೆ ಪೋಪ್ ಬೆನೆಡಿಕ್ಟರಾಗಿ ತಮ್ಮ ಪೂರ್ವಾಧಿಕಾರಿಯ ಬಗ್ಗೆ ಬರೆದ ಪುಸ್ತಕದಲ್ಲಿ, ಅಂಥ ಗಾಯಕರಿಗೆ ಆ ವೇದಿಕೆ ಕೊಡುವುದು ಸರಿಯೇ ಎಂಬ ಸಂಶಯ ತಮಗಿತ್ತೆಂದು ಹೇಳಿದ್ದಾರೆ. ಆ ಸಂಶಯವನ್ನು ತಳ್ಳಿಹಾಕಲಾಗದು. ಗಾಯಕನ ಕೀರ್ತಿಯೇ ಸಭೆಯ ಕೇಂದ್ರವಾಗುವ ಅಪಾಯ ನಿಜ. ಆದರೆ ಪೋಪ್ ಆಧರಿಸಿದ್ದು ಹಾಡಿನ ಪ್ರಶ್ನೆಯನ್ನು. ಗಾಯಕನ ಕೀರ್ತಿ ಅವರ ವಾದದಲ್ಲಿ ಯಾವ ಭಾರವನ್ನೂ ಹೊತ್ತಿಲ್ಲ.

ಇದರ ಪಕ್ಕದಲ್ಲಿ ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಕುರಿತು ಹೊರಡಿಸಿದ ಉಪದೇಶಪತ್ರವನ್ನಿಟ್ಟು ನೋಡಬಹುದು. ಅದರ 129ನೇ ಪರಿಚ್ಛೇದದಲ್ಲಿ, 1987ರ ಡ್ಯಾನಿಶ್ ಚಿತ್ರ ಬಾಬೆಟ್‌ನ ಔತಣದಲ್ಲಿ ಅಡುಗೆಯವಳಿಗೆ ಕೃತಜ್ಞತೆಯ ಅಪ್ಪುಗೆ ಸಿಗುವ ದೃಶ್ಯ ಬರುತ್ತದೆ. ಇನ್ನೊಬ್ಬರನ್ನು ಸಂತೋಷಪಡಿಸುವುದರಲ್ಲಿನ ಸಂತೋಷಕ್ಕೆ ಅದು ಉದಾಹರಣೆ. ಸುಂದರವಾದ, ಹದವರಿತ ದೃಷ್ಟಾಂತ. ಚಿತ್ರ ಅಲ್ಲಿ ಪ್ರಶ್ನೆ ಕೇಳುವುದಿಲ್ಲ, ಹೇಳಿದ್ದನ್ನು ಬೆಳಗುತ್ತದೆ. ಎರಡು ಬಳಕೆಗಳಿಗಿರುವ ಅಂತರ ಇದು.

8. ಗೋವೆಯಿಂದ ಮಂಗಳೂರಿಗೆ, ಮತ್ತು ಇಂದಿನ ಕರ್ನಾಟಕ

ನಮ್ಮ ಕರಾವಳಿಗೆ ನೇರ ಸಂಬಂಧವಿರುವ ಒಂದು ಹಳೆಯ ಪ್ರಯೋಗವನ್ನು ಇಲ್ಲಿ ಸೇರಿಸಲೇಬೇಕು. 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಇಂಗ್ಲಿಷ್ ಗುರು ಥಾಮಸ್ ಸ್ಟೀಫನ್ಸ್, ಸುಮಾರು 11,000 ಓವಿಗಳ ಕ್ರಿಸ್ತಪುರಾಣವನ್ನು ಕೊಂಕಣಿ ಬೆರೆತ ಮರಾಠಿಯಲ್ಲಿ ರಚಿಸಿದ. 1616ರಲ್ಲಿ ಅದು ಅಚ್ಚಾಯಿತು. ಹೊಸದಾಗಿ ಕ್ರೈಸ್ತರಾದವರು ತಮ್ಮ ಹಿಂದಿನ ಪುರಾಣಗಳ ಜಾಗದಲ್ಲಿ ಓದಲು ಏನಿದೆ ಎಂದು ಕೇಳುವ ಪ್ರಸಂಗ ಕಾವ್ಯದೊಳಗೇ ಇದೆ. ಗೋವೆಯ ಚರ್ಚುಗಳಲ್ಲಿ ಭಾನುವಾರ ಹಬ್ಬಗಳಂದು ಅದನ್ನು ಓದುತ್ತಿದ್ದರು. ಗೋವೆಯಿಂದ ದಕ್ಷಿಣಕ್ಕೆ ಬಂದ ಕ್ರೈಸ್ತ ಕುಟುಂಬಗಳ ನಡುವೆ ಅದರ ನೆನಪು ಉಳಿಯಿತು. 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಅದನ್ನು ಸಂಪಾದಿಸಿ ಪ್ರಕಟಿಸಿದ್ದು ಮಂಗಳೂರಿನಲ್ಲೇ. ಸ್ಟೀಫನ್ಸ್ ಪುರಾಣದ ಕಥೆಗಳನ್ನು ಎರವಲು ಪಡೆಯಲಿಲ್ಲ. ಪುರಾಣ ಕೇಳುವ ಕಿವಿಯನ್ನು, ಆ ಲಯವನ್ನು, ಒಟ್ಟಾಗಿ ಕೂತು ಕೇಳುವ ಸುಖವನ್ನು ಎತ್ತಿಕೊಂಡ. ಜನರಿಗೆ ಇದ್ದ ಹಂಬಲ ಯಾವುದೆಂದು ಅವನು ಸರಿಯಾಗಿ ಗುರುತಿಸಿದ.

ಎರಡನೇ ವ್ಯಾಟಿಕನ್ ಮಹಾಸಭೆಯ ತರುವಾಯ 1967ರಲ್ಲಿ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿ ಕೇಂದ್ರ ಆರಂಭವಾಯಿತು. ಆರತಿ, ದೀಪ, ನೆಲದ ಮೇಲೆ ಕೂರುವುದು ಮುಂತಾದ ಭಾರತೀಯ ರೂಪಗಳು ಆರಾಧನೆಗೆ ಬಂದದ್ದರ ಹಿಂದೆ ಅದರ ಕೆಲಸ ಇದೆ. ಅಲ್ಲಿ ಸಂಸ್ಕೃತಿ ಎಂದರೆ ಹೆಚ್ಚಾಗಿ ಶಾಸ್ತ್ರೀಯವೂ ಸಂಸ್ಕೃತನಿಷ್ಠವೂ ಆದ ಪರಂಪರೆ ಎಂಬ ಟೀಕೆಯನ್ನು ದಲಿತ ದೇವಶಾಸ್ತ್ರಜ್ಞರು ಮುಂದಿಟ್ಟರು. ಧರ್ಮಕೇಂದ್ರದ ಜನ ವಾರವಿಡೀ ನೋಡುವ ಕೇಳುವ ಸಿನಿಮಾ, ಹಾಡು, ನಾಟಕಗಳು ಆ ಚೌಕಟ್ಟಿನೊಳಗೆ ಬರಲಿಲ್ಲ. ಅವುಗಳಿಗೆ ತೆರೆದಿದ್ದ ಬಾಗಿಲು ಪ್ರಬೋಧನೆಯೊಂದೇ.

ಕರ್ನಾಟಕದಲ್ಲಿ ಈ ಬಾಗಿಲಿಗೆ ಭಾಷೆಯ ಕೀಲಿಯೂ ಇದೆ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷ್, ಮಲಯಾಳಂ ಬಲಿಪೂಜೆಗಳು ನಡೆಯುತ್ತವೆ. ಒಂದು ಪೂಜೆಯ ಜನರ ನೆನಪು ಇನ್ನೊಂದರವರದಲ್ಲ. 1972ರ ಬಂಗಾರದ ಮನುಷ್ಯ ಚಿತ್ರವನ್ನೇ ಪರೀಕ್ಷೆಗೆ ಇಟ್ಟುಕೊಳ್ಳೋಣ. ಲೂಕನ 15ನೇ ಅಧ್ಯಾಯದ, ಮನೆಬಿಟ್ಟು ಹೋಗಿ ಮರಳಿ ಬಂದ ಮಗನ ಸಾಮತಿಯನ್ನು ಓದಿದ ಭಾನುವಾರ ಕನ್ನಡ ಪೂಜೆಯಲ್ಲಿ ಗುರುಗಳು ರಾಜ್‌ಕುಮಾರ್ ಹೆಸರು ಹೇಳಿದರೆ ಹಿರಿಯರು ಕಿವಿ ನಿಮಿರಿಸುತ್ತಾರೆ, ಅದು ಎಚ್ಚರಿಕೆ. ರಾಜೀವನಂತೆ ದುಡಿಯಿರಿ, ತ್ಯಾಗ ಮಾಡಿ ಎಂದರೆ ದೃಷ್ಟಾಂತ. ಆದರೆ ಆ ಚಿತ್ರದ ಕೊನೆಯಲ್ಲಿ ಒಂದು ನೋಯುವ ಪ್ರಶ್ನೆ ಇದೆ. ಮನೆಗಾಗಿ ಬದುಕನ್ನೇ ತೇದವನ ಮೇಲೆ ಮನೆಯವನೇ ಆರೋಪ ಹೊರಿಸುತ್ತಾನೆ. ಅವನು ಎದುರಾಡದೆ ಹೊರಟುಹೋಗುತ್ತಾನೆ. ಸಾಮತಿಯಲ್ಲೂ ಮನೆಗಾಗಿ ದುಡಿದವನೊಬ್ಬ, ಹಿರಿಯ ಮಗ, ನೊಂದು ಹೊರಗೆ ನಿಂತಿದ್ದಾನೆ. ಚಿತ್ರದಲ್ಲಿ ದುಡಿದವನನ್ನು ಯಾರಿಂದಲೂ ಮರಳಿ ಕರೆತರಲಾಗುವುದಿಲ್ಲ. ಸಾಮತಿಯಲ್ಲಿ ತಂದೆ ತಾನೇ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ. ದುಡಿದು ನೊಂದವರು ಎಲ್ಲ ಮನೆಯಲ್ಲೂ ಇರುವಾಗ, ಈ ಎರಡನ್ನೂ ಎದುರುಬದುರು ಇಟ್ಟು ಮಾತಾಡುವ ಪ್ರಬೋಧನೆ ಸಿನಿಮಾವನ್ನೂ ಶುಭಸಂದೇಶವನ್ನೂ ಆಳವಾಗಿ ಓದಿಸುತ್ತದೆ. ಸಂವಾದ ಎಂದು ನಾನು ಹೇಳುವುದು ಇದನ್ನು.

9. ನಿರ್ಣಯ

ಮೇಲಿನ ಆಧಾರಗಳಿಂದ ಮೂರು ಮಾತು ಹೇಳಬಹುದು. ಮೊದಲನೆಯದು, ಪ್ರಬೋಧನೆಯಲ್ಲಿ ಲೋಕದ ಕಥೆ ಬರುವುದು ಅಪವಾದವೂ ಅಲ್ಲ, ಆಧುನಿಕವೂ ಅಲ್ಲ. ಶುಭಸಂದೇಶದ ಪುಟಗಳಿಂದಲೇ ಅದು ಶುರುವಾಗುತ್ತದೆ. ಎರಡನೆಯದು, ದಾಂತೆಯಿಂದ ಬೆನೆಡಿಕ್ಟರವರೆಗಿನ ಆಕ್ಷೇಪಗಳನ್ನು ಜನಪ್ರಿಯ ಸಂಸ್ಕೃತಿಯ ಮೇಲಿನ ದ್ವೇಷವೆಂದು ಓದುವುದು ತಪ್ಪು. ಕಥೆ ಪ್ರಬೋಧಕನ ಜನಪ್ರಿಯತೆಗೆ ದುಡಿದಾಗ ಅವು ಎದ್ದಿವೆ. ಮೂರನೆಯದು, ಉಲ್ಲೇಖದ ಬೆಲೆಯನ್ನು ಅಳೆಯಲು ಕಥೆ ಎಷ್ಟು ಹೊಸದು, ಎಷ್ಟು ಪ್ರಸಿದ್ಧ ಎಂಬುದು ಅಳತೆಗೋಲಲ್ಲ. ಆ ಕಥೆಯನ್ನು ಜನ ಏಕೆ ಪ್ರೀತಿಸಿದರು ಎಂಬುದನ್ನು ಪ್ರಬೋಧಕ ಅರಿತಿದ್ದಾನೆಯೇ, ಆ ಪ್ರೀತಿಯೊಳಗಿನ ಪ್ರಶ್ನೆಗೆ ಅಂದಿನ ವಾಚನದಿಂದ ಉತ್ತರ ಕೊಡುತ್ತಾನೆಯೇ ಎಂಬುದೇ ಅಳತೆ.

ಕರ್ನಾಟಕದ ಸಂಶೋಧಕರಿಗೆ ಇಲ್ಲಿಂದ ಒಂದು ಕೆಲಸ ಹುಟ್ಟುತ್ತದೆ. 1427ರಲ್ಲಿ ಒಬ್ಬ ಕಸುಬುದಾರ ಕೂತು ಬರೆದುಕೊಂಡಿದ್ದರಿಂದ ಸಿಯೆನಾದ ಜನ ಏನು ಕೇಳಿದರೆಂದು ನಾವು ಬಲ್ಲೆವು. ಇಂದು ಧ್ವನಿಮುದ್ರಣ ಪ್ರತಿಯೊಬ್ಬರ ಕೈಯಲ್ಲಿದೆ. ಗುರುಗಳ ಅನುಮತಿ ಪಡೆದು ಕನ್ನಡ ಮತ್ತು ಕೊಂಕಣಿ ಪ್ರಬೋಧನೆಗಳನ್ನು ದಾಖಲಿಸುವಾಗ ನಾಲ್ಕು ವಿವರಗಳನ್ನು ಜೊತೆಗೇ ಗುರುತು ಮಾಡಬೇಕು: ಅಂದಿನ ವಾಚನ ಯಾವುದು, ಬಂದ ಕಥೆ ಯಾವುದು, ಕೇಳುವವರಲ್ಲಿ ಯಾವ ವಯಸ್ಸಿನ ಯಾವ ಭಾಷೆಯ ಜನರಿಗೆ ಅದು ಮೊದಲೇ ಗೊತ್ತಿತ್ತು, ಕಥೆ ಮುಗಿದ ಮೇಲೆ ಮಾತು ವಾಚನಕ್ಕೆ ಮರಳಿತೇ ಇಲ್ಲವೇ. ನಾಲ್ಕನೆಯದನ್ನು ಬಿಟ್ಟ ದಾಖಲೆ ಕಥೆಗಳ ಪಟ್ಟಿಯಾಗುತ್ತದೆ, ಪ್ರಬೋಧನೆಯ ಅಧ್ಯಯನವಾಗುವುದಿಲ್ಲ.